ಎಲಿಂಗ್ಟನ್ ಕೇಳಲು ಯಾವ ಕಾಲದಿಂದ ತೊಡಗಬೇಕು?

ಅಮೆರಿಕದ ಜಾಝ್ ಸಂಗೀತದಲ್ಲಿ ಸ್ವಿಂಗ್ ಎಂಬ ಕುಣಿಸುವ ಶೈಲಿ ಮೆರೆದ ಯುಗದ ಹೆಚ್ಚಿನ ಬ್ಯಾಂಡ್ ನಾಯಕರ ವಿಷಯದಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ. ಗ್ಲೆನ್ ಮಿಲ್ಲರ್ ಅವರ ಮುಖ್ಯ ಧ್ವನಿಮುದ್ರಣಗಳೆಲ್ಲ 1939ರಿಂದ 1942ರ ನಡುವಿನವು. ಬೆನ್ನಿ ಗುಡ್‌ಮನ್ ಅವರ 1938ರ ಕಾರ್ನೆಗಿ ಹಾಲ್ ಕಛೇರಿಯನ್ನು ಕೇಳಿದವರಿಗೆ ಆ ಬ್ಯಾಂಡಿನ ಸತ್ವ ಬಹುಮಟ್ಟಿಗೆ ದಕ್ಕುತ್ತದೆ. ಪಿಯಾನೊ ವಾದಕರೂ ರಚನಕಾರರೂ ಆಗಿದ್ದ ಬ್ಯಾಂಡ್ ನಾಯಕ ಡ್ಯೂಕ್ ಎಲಿಂಗ್ಟನ್ ಅವರ ಮಾತು ಬೇರೆ. 1899ರಲ್ಲಿ ವಾಷಿಂಗ್ಟನ್ ನಗರದಲ್ಲಿ ಹುಟ್ಟಿದ ಅವರು 1920ರ ದಶಕದಿಂದ 1974ರಲ್ಲಿ ತೀರಿಕೊಳ್ಳುವವರೆಗೂ ತಮ್ಮ ವಾದ್ಯವೃಂದವನ್ನು ನಡೆಸಿದರು, ಸಾವಿರಕ್ಕೂ ಹೆಚ್ಚು ರಚನೆಗಳನ್ನು ಬಿಟ್ಟುಹೋದರು, ಮತ್ತು ಒಂದೇ ರಚನೆಯನ್ನು ಬೇರೆ ಬೇರೆ ದಶಕಗಳಲ್ಲಿ ಬೇರೆ ಬೇರೆ ರೂಪದಲ್ಲಿ ಧ್ವನಿಮುದ್ರಿಸಿದರು. ಹೊಸಬರು ಅವರ ಹೆಸರನ್ನು ಹುಡುಕಿದರೆ ಎದುರಾಗುವುದು ಇಸವಿಯನ್ನೂ ವಾದಕರ ಹೆಸರನ್ನೂ ನಮೂದಿಸದ ನೂರಾರು ಸಂಕಲನಗಳ ರಾಶಿ. ಅದರಲ್ಲಿ ಕೈಗೆ ಸಿಕ್ಕಿದ್ದನ್ನು ಕೇಳಿ, ಇದು ಹಳೆಯ ಕಾಲದ ನೃತ್ಯಸಂಗೀತವಷ್ಟೇ ಎಂದು ತೀರ್ಮಾನಿಸಿ ದೂರ ಸರಿದವರನ್ನು ನಾನು ಕಂಡಿದ್ದೇನೆ. ಅವರು ತಪ್ಪಿದ್ದು ರುಚಿಯಲ್ಲಿ ಅಲ್ಲ, ಆಯ್ಕೆಯಲ್ಲಿ ಎಂಬುದು ನನ್ನ ದೃಢವಾದ ನಂಬಿಕೆ.

ಹೋಲಿಸುವ ಮೊದಲು ಒಂದು ಅಳತೆಗೋಲು ಬೇಕು. ಬಿಗ್ ಬ್ಯಾಂಡ್ ಎಂದರೆ ಸುಮಾರು 15 ಜನರ ವೃಂದ: ಟ್ರಂಪೆಟ್‌ಗಳ ಸಾಲು, ಟ್ರಾಂಬೋನ್‌ಗಳ ಸಾಲು, ಸ್ಯಾಕ್ಸೋಫೋನ್‌ಗಳ ಸಾಲು, ಜೊತೆಗೆ ಪಿಯಾನೊ, ಗಿಟಾರ್, ಬಾಸ್, ಡ್ರಮ್ಸ್. ಅನೇಕ ಬ್ಯಾಂಡ್‌ಗಳಲ್ಲಿ ಒಬ್ಬ ಟ್ರಂಪೆಟ್ ವಾದಕ ಬಿಟ್ಟುಹೋದರೆ ಅವನ ಸ್ವರಹಾಳೆಯನ್ನು ಎತ್ತಿಕೊಂಡು ಇನ್ನೊಬ್ಬ ಕೂರುತ್ತಿದ್ದ, ಸಂಗೀತ ಹಾಗೆಯೇ ಮುಂದುವರಿಯುತ್ತಿತ್ತು. ಎಲಿಂಗ್ಟನ್ ತಮ್ಮ ಸ್ವರಹಾಳೆಗಳ ತಲೆಯಲ್ಲಿ ವಾದ್ಯದ ಹೆಸರಿನ ಬದಲಿಗೆ ವಾದಕರ ಹೆಸರನ್ನು ಬರೆಯುತ್ತಿದ್ದರು. ಆಲ್ಟೊ ಸ್ಯಾಕ್ಸೋಫೋನ್ ವಾದಕ ಜಾನಿ ಹಾಜಸ್ ಅವರಿಗಾಗಿ ಬರೆದ ಸಾಲು ಹಾಜಸ್ ಅವರ ಉಸಿರಿಗೆ, ಅವರ ಜಾರುವಿಕೆಗೆ, ಅವರ ನಿಧಾನಕ್ಕೆ ಹೊಂದುವಂತೆ ಹುಟ್ಟಿದ್ದು. ಬೇರೊಬ್ಬರು ನುಡಿಸಿದಾಗ ಅದು ಬೇರೆಯೇ ಸಂಗೀತವಾಗುತ್ತಿತ್ತು. ಆದ್ದರಿಂದ ಎಲಿಂಗ್ಟನ್ ಅವರ ಕಾಲಘಟ್ಟಗಳ ನಡುವೆ ಆರಿಸುವವರು ರಚನೆಗಳ ಪಟ್ಟಿಗಿಂತ ಮೊದಲು ಆ ಕುರ್ಚಿಗಳಲ್ಲಿ ಯಾರು ಕುಳಿತಿದ್ದರು ಎಂಬುದನ್ನು ನೋಡಬೇಕು.

ಈ ಅಳತೆಗೋಲಿನಿಂದ ನೋಡಿದರೆ ವಿಮರ್ಶಕರಲ್ಲಿ ಬಹುಪಾಲು ಜನ ಒಪ್ಪುವ ಶಿಖರ 1940ರಿಂದ 1942ರವರೆಗಿನ ಬ್ಯಾಂಡು. ನಾನೂ ಒಪ್ಪುತ್ತೇನೆ. ಆದರೆ ಅತ್ಯುತ್ತಮವಾದುದರಿಂದಲೇ ತೊಡಗಬೇಕು ಎಂಬ ಸಾಮಾನ್ಯ ಸಲಹೆಯನ್ನು ಒಪ್ಪುವುದಿಲ್ಲ. ಮೂರು ನಿಮಿಷದ ಗ್ರಾಮಫೋನ್ ಪ್ಲೇಟಿನ ಒಂದು ಮಗ್ಗುಲಿಗೆ, ಒಂದೇ ಧ್ವನಿಮಾರ್ಗದಲ್ಲಿ, ಹದಿನೈದು ಜನರನ್ನು ಒತ್ತಿ ತುಂಬಿದ ಆ ಧ್ವನಿಮುದ್ರಣದಲ್ಲಿ ಯಾವ ಸ್ವರ ಯಾರದು ಎಂದು ಬಿಡಿಸಿಕೊಳ್ಳಲು ಪಳಗಿದ ಕಿವಿ ಬೇಕು. ಆ ಪಳಗುವಿಕೆಗೆ ಒಂದು ಸುಲಭವಾದ ದಾರಿ ಇದೆ. 1940ರ ಬ್ಯಾಂಡಿನಲ್ಲಿದ್ದ ಜಾನಿ ಹಾಜಸ್, ಹ್ಯಾರಿ ಕಾರ್ನಿ (ಬ್ಯಾರಿಟೋನ್ ಸ್ಯಾಕ್ಸೋಫೋನ್), ಲಾರೆನ್ಸ್ ಬ್ರೌನ್ (ಟ್ರಾಂಬೋನ್), ಕೂಟಿ ವಿಲಿಯಮ್ಸ್ (ಟ್ರಂಪೆಟ್) ಈ ನಾಲ್ವರೂ 1966ರ ಬ್ಯಾಂಡಿನಲ್ಲಿಯೂ ಇದ್ದರು, ಮತ್ತು ಆಗಿನ ಸ್ಟೀರಿಯೊ ಧ್ವನಿಮುದ್ರಣದಲ್ಲಿ ಪ್ರತಿಯೊಬ್ಬರೂ ತಮ್ಮ ಜಾಗದಲ್ಲಿ ಸ್ಪಷ್ಟವಾಗಿ ಕೇಳಿಸುತ್ತಾರೆ. ಕೊನೆಯಿಂದ ಹಿಂದಕ್ಕೆ ನಡೆಯಿರಿ ಎಂಬುದು ನನ್ನ ಸಲಹೆ, ಮತ್ತು ಈ ಹೋಲಿಕೆಯೂ ಅದೇ ಕ್ರಮದಲ್ಲಿ ಸಾಗುತ್ತದೆ.

1966: 'ಫಾರ್ ಈಸ್ಟ್ ಸ್ವೀಟ್'

1963ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ಎಲಿಂಗ್ಟನ್ ಅವರ ವಾದ್ಯವೃಂದವನ್ನು ಏಷ್ಯಾದ ಪ್ರವಾಸಕ್ಕೆ ಕಳುಹಿಸಿತು. ಡಮಾಸ್ಕಸ್, ಕಾಬೂಲ್, ಟೆಹರಾನ್, ಬಾಗ್ದಾದ್‌ಗಳ ಜೊತೆಗೆ ದೆಹಲಿ, ಮದರಾಸು, ಮುಂಬಯಿಗಳಿಗೂ ಅವರು ಬಂದರು. ನವೆಂಬರ್ 22ರಂದು ಅಧ್ಯಕ್ಷ ಕೆನಡಿಯವರ ಹತ್ಯೆಯಾದ ಸುದ್ದಿ ತಲುಪಿದಾಗ ತಂಡ ಟರ್ಕಿಯಲ್ಲಿತ್ತು, ಪ್ರವಾಸ ಅಲ್ಲಿಗೇ ನಿಂತಿತು. ಆ ಪ್ರವಾಸದ ನೆನಪುಗಳಿಂದ ಎಲಿಂಗ್ಟನ್ ಮತ್ತು ಅವರ ಜೊತೆ ರಚನಕಾರ ಬಿಲ್ಲಿ ಸ್ಟ್ರೇಹಾರ್ನ್ ಕಟ್ಟಿದ ಒಂಬತ್ತು ಭಾಗಗಳ ಕೃತಿಯನ್ನು (ಸಂಗೀತದಲ್ಲಿ ಸ್ವೀಟ್ ಎಂದರೆ ಇಂತಹ ಹಲವು ಭಾಗಗಳ ಕೃತಿ) 1966ರ ಡಿಸೆಂಬರಿನಲ್ಲಿ ಧ್ವನಿಮುದ್ರಿಸಲಾಯಿತು. ಹೆಸರಿನಲ್ಲಿ ದೂರಪೂರ್ವ ಎಂದಿದ್ದರೂ, ಜಪಾನನ್ನು ಕುರಿತ ಕೊನೆಯ ಭಾಗವನ್ನು ಬಿಟ್ಟರೆ, ಅದರ ಊರುಗಳೆಲ್ಲ ಪಶ್ಚಿಮ ಮತ್ತು ದಕ್ಷಿಣ ಏಷ್ಯಾದವು.

ಭಾರತೀಯ ಕೇಳುಗರಿಗೆ ಇದರಲ್ಲಿ ಮೊದಲು ಗಮನಕ್ಕೆ ಬರುವುದು ಇಲ್ಲದಿರುವ ಸಂಗತಿ. ಸಿತಾರ್ ಇಲ್ಲ, ತಬಲಾ ಇಲ್ಲ, ರಾಗದ ಅನುಕರಣೆ ಇಲ್ಲ. ಅದೇ ಕಾಲದಲ್ಲಿ ಪಶ್ಚಿಮದ ಜನಪ್ರಿಯ ಸಂಗೀತ ಸಿತಾರಿನ ನಾದವನ್ನು ಅಲಂಕಾರವಾಗಿ ಬಳಸತೊಡಗಿದ್ದನ್ನು ನೆನೆದರೆ ಈ ಸಂಯಮದ ಬೆಲೆ ತಿಳಿಯುತ್ತದೆ. ಎಲಿಂಗ್ಟನ್ ಕಂಡದ್ದನ್ನೂ ಕೇಳಿದ್ದನ್ನೂ ತಮ್ಮ ಭಾಷೆಯಲ್ಲೇ ಹೇಳಿದರು. 'ಬ್ಲೂಬರ್ಡ್ ಆಫ್ ಡೆಲ್ಲಿ' ಎಂಬ ಭಾಗದ ಉಪಶೀರ್ಷಿಕೆ 'ಮೈನಾ', ಅಂದರೆ ನಮ್ಮ ಗೊರವಂಕ; ಅಲ್ಲಿ ಜಿಮ್ಮಿ ಹ್ಯಾಮಿಲ್ಟನ್ ಅವರ ಕ್ಲಾರಿನೆಟ್ ಹಕ್ಕಿಯ ಕೂಗನ್ನು ಮತ್ತೆ ಮತ್ತೆ ಎತ್ತಿಕೊಳ್ಳುತ್ತದೆ, ಉಳಿದ ವೃಂದ ಅದರ ಕೆಳಗೆ ತನ್ನ ಪಾಡಿಗೆ ತಾನು ತೂಗುತ್ತಾ ನಡೆಯುತ್ತದೆ. 'ಆಗ್ರಾ' ತಾಜ್ ಮಹಲನ್ನು ಕುರಿತದ್ದು, ಆದರೆ ಅದರಲ್ಲಿ ಅಮೃತಶಿಲೆಯ ನುಣುಪನ್ನು ಹುಡುಕಬೇಡಿ. ಹ್ಯಾರಿ ಕಾರ್ನಿಯವರ ಬ್ಯಾರಿಟೋನ್ ಸ್ಯಾಕ್ಸೋಫೋನಿನ ಆಳವಾದ, ಭಾರವಾದ ದನಿಯೇ ಅಲ್ಲಿನ ಕಟ್ಟಡ.

ಇವೆಲ್ಲಕ್ಕಿಂತ ಮೊದಲು ಕೇಳಬೇಕಾದದ್ದು 'ಇಸ್ಫಹಾನ್'. ಇರಾನಿನ ನಗರದ ಹೆಸರನ್ನು ಹೊತ್ತಿದ್ದರೂ ಸ್ಟ್ರೇಹಾರ್ನ್ ಅದನ್ನು ಪ್ರವಾಸಕ್ಕೆ ಮೊದಲೇ ಬೇರೆ ಹೆಸರಿನಲ್ಲಿ ಬರೆದಿದ್ದರು. ನಾಲ್ಕು ನಿಮಿಷಗಳ ಕಾಲ ಹಾಜಸ್ ಅವರ ಆಲ್ಟೊ ಸ್ಯಾಕ್ಸೋಫೋನ್ ಒಂದು ಸ್ವರದಿಂದ ಇನ್ನೊಂದಕ್ಕೆ ಇಳಿಯುವ ರೀತಿಯನ್ನು ಕರ್ನಾಟಕ ಸಂಗೀತ ಕೇಳಿ ಬೆಳೆದವರು ಕೂಡಲೇ ಗುರುತಿಸುತ್ತಾರೆ, ಏಕೆಂದರೆ ಅದಕ್ಕೆ ನಮ್ಮಲ್ಲಿ ಜಾರು ಎಂಬ ಹೆಸರೇ ಇದೆ. ಗಮಕದ ಶಾಸ್ತ್ರಕ್ಕೂ ಇದಕ್ಕೂ ಸಂಬಂಧವಿದೆ ಎಂದು ನಾನು ಹೇಳುತ್ತಿಲ್ಲ. ಎರಡು ಸ್ವರಗಳ ನಡುವಿನ ಜಾಗದಲ್ಲಿಯೇ ಸಂಗೀತವಿದೆ ಎಂದು ತಿಳಿದ ಕಿವಿಗೆ ಹಾಜಸ್ ಬೇಗ ಒಲಿಯುತ್ತಾರೆ ಎಂಬುದಷ್ಟೇ ನನ್ನ ಅನುಭವ.

ಈ ಆಯ್ಕೆಯ ಮಿತಿಯನ್ನೂ ಹೇಳಬೇಕು. ಇದು ವಯಸ್ಸಾದವರ ಬ್ಯಾಂಡು. 1940ರ ಮೊನಚು, ಕುಣಿಯುವವರನ್ನು ಎಬ್ಬಿಸಿ ನಿಲ್ಲಿಸುವ ಒತ್ತಡ ಇಲ್ಲಿಲ್ಲ. ಸ್ವಿಂಗ್ ಎಂದರೆ ಮೊದಲು ನೃತ್ಯ ಎನ್ನುವವರು ಇಲ್ಲಿಂದ ತೊಡಗದಿರುವುದೇ ಲೇಸು.

ಇದರ ಬೆನ್ನಿಗೇ ಇರಿಸಿಕೊಳ್ಳಬೇಕಾದ ಇನ್ನೊಂದು ಧ್ವನಿಮುದ್ರಿಕೆಯಿದೆ. 1967ರ ಮೇ 31ರಂದು ಸ್ಟ್ರೇಹಾರ್ನ್ ತೀರಿಕೊಂಡರು. ಆಗಸ್ಟಿನಿಂದ ತೊಡಗಿ ಎಲಿಂಗ್ಟನ್, ಸ್ಟ್ರೇಹಾರ್ನ್ ಅವರ ರಚನೆಗಳನ್ನೇ ಆಯ್ದು 'ಅಂಡ್ ಹಿಸ್ ಮದರ್ ಕಾಲ್ಡ್ ಹಿಮ್ ಬಿಲ್' ಎಂಬ ಆಲ್ಬಮ್ಮನ್ನು ಧ್ವನಿಮುದ್ರಿಸಿದರು. ಅದರ ಕೊನೆಯಲ್ಲಿರುವ 'ಲೋಟಸ್ ಬ್ಲಾಸಮ್' ಯೋಜಿಸಿ ಮಾಡಿದ ಮುದ್ರಣವಲ್ಲ. ಕೆಲಸ ಮುಗಿದು ವಾದಕರು ವಾದ್ಯಗಳನ್ನು ಪೆಟ್ಟಿಗೆಗಳಿಗೆ ಸೇರಿಸುತ್ತಿದ್ದಾಗ ಎಲಿಂಗ್ಟನ್ ಒಬ್ಬರೇ ಪಿಯಾನೊದಲ್ಲಿ ಕುಳಿತು ಅದನ್ನು ನುಡಿಸಿದರು, ಯಂತ್ರ ಓಡುತ್ತಿತ್ತು. ಹಿನ್ನೆಲೆಯ ಮಾತುಗಳು ಸ್ವಲ್ಪ ಸ್ವಲ್ಪವಾಗಿ ಅಡಗುವುದು ಕೇಳಿಸುತ್ತದೆ. ಎರಡರಲ್ಲಿ ಒಂದನ್ನೇ ಕೊಳ್ಳಬಲ್ಲವರು 'ಫಾರ್ ಈಸ್ಟ್ ಸ್ವೀಟ್' ಕೊಳ್ಳಲಿ, ಆದರೆ ಇದನ್ನು ಎಲ್ಲಿಂದಲಾದರೂ ಕೇಳದೆ ಇರಬಾರದು.

1956: ನ್ಯೂಪೋರ್ಟ್

1950ರ ದಶಕದ ಮೊದಲ ಭಾಗ ಎಲಿಂಗ್ಟನ್ ಅವರ ಕಷ್ಟದ ಕಾಲ. 1951ರಲ್ಲಿ ಹಾಜಸ್, ಲಾರೆನ್ಸ್ ಬ್ರೌನ್, ಡ್ರಮ್ಮರ್ ಸನ್ನಿ ಗ್ರೀರ್ ಮೂವರೂ ಒಟ್ಟಿಗೆ ಬಿಟ್ಟುಹೋದರು. ಬಿಗ್ ಬ್ಯಾಂಡ್‌ಗಳೆಲ್ಲ ಮುಚ್ಚಿಹೋಗುತ್ತಿದ್ದ ಆ ದಿನಗಳಲ್ಲಿ ತಮ್ಮ ರಚನೆಗಳಿಂದ ಬರುತ್ತಿದ್ದ ಗೌರವಧನವನ್ನು ವಾದಕರ ಸಂಬಳಕ್ಕೆ ಸುರಿದು ಅವರು ವೃಂದವನ್ನು ಉಳಿಸಿಕೊಂಡರು. 1955ರ ಬೇಸಿಗೆಯಲ್ಲಿ ನ್ಯೂಯಾರ್ಕಿನ ಒಂದು ಜಲಕ್ರೀಡಾ ಪ್ರದರ್ಶನಕ್ಕೆ ಹಿಮ್ಮೇಳ ನುಡಿಸುವ ಮಟ್ಟಕ್ಕೂ ಇಳಿಯಬೇಕಾಯಿತು. ಅದೇ ವರ್ಷ ಹಾಜಸ್ ಮರಳಿ ಬಂದರು, ಸ್ಯಾಮ್ ವುಡ್‌ಯಾರ್ಡ್ ಎಂಬ ಹೊಸ ಡ್ರಮ್ಮರ್ ಸೇರಿಕೊಂಡರು.

1956ರ ಜುಲೈ 7ರ ರಾತ್ರಿ ನ್ಯೂಪೋರ್ಟ್ ಜಾಝ್ ಉತ್ಸವದಲ್ಲಿ ನಡೆದದ್ದು ಜಾಝ್ ಲೋಕದ ಪುರಾಣವೇ ಆಗಿದೆ. 1937ರಲ್ಲಿ ಒಂದು ಪ್ಲೇಟಿನ ಎರಡು ಮಗ್ಗುಲುಗಳಿಗೆಂದು ಬರೆದ 'ಡಿಮಿನ್ಯುಎಂಡೊ ಅಂಡ್ ಕ್ರೆಷೆಂಡೊ ಇನ್ ಬ್ಲೂ' ಎಂಬ ಜೋಡಿ ರಚನೆಯ ಎರಡು ಭಾಗಗಳ ನಡುವಿನ ಸೇತುವಾಗಿ ಟೆನರ್ ಸ್ಯಾಕ್ಸೋಫೋನ್ ವಾದಕ ಪಾಲ್ ಗೊನ್ಸಾಲ್ವೆಸ್ ಅವರಿಗೆ ಎಲಿಂಗ್ಟನ್ ಜಾಗ ಬಿಟ್ಟುಕೊಟ್ಟರು. ಇದು ಬ್ಲೂಸ್ ಎಂಬ, ಒಂದೇ ಚೌಕಟ್ಟು ಮರಳಿ ಮರಳಿ ಬರುವ ಹಾಡಿನ ರೂಪದಲ್ಲಿದೆ. ಬ್ಲೂಸ್‌ನ ಒಂದು ಆವರ್ತಕ್ಕೆ ನಾಲ್ಕು ಎಣಿಕೆಯ 12 ಬಾರ್‌ಗಳು. ಗೊನ್ಸಾಲ್ವೆಸ್ 27 ಆವರ್ತಗಳನ್ನು ನಿಲ್ಲಿಸದೆ ನುಡಿಸಿದರು. ಮನೆಗೆ ಹೊರಟಿದ್ದ ಜನ ತಿರುಗಿ ಬಂದರು, ಕುರ್ಚಿಗಳ ನಡುವೆ ಕುಣಿಯತೊಡಗಿದರು. ಆಗಸ್ಟಿನಲ್ಲಿ 'ಟೈಮ್' ಪತ್ರಿಕೆ ಎಲಿಂಗ್ಟನ್ ಅವರ ಚಿತ್ರವನ್ನು ಮುಖಪುಟಕ್ಕೆ ಹಾಕಿತು.

ಈ ಕಛೇರಿಯನ್ನು ಆರಿಸುವವರು ಎರಡು ಆವೃತ್ತಿಗಳ ನಡುವೆಯೂ ಆರಿಸಬೇಕಾಗುತ್ತದೆ, ಮತ್ತು ಇಲ್ಲಿ ನನಗೆ ಯಾವ ಸಂಶಯವೂ ಇಲ್ಲ. 1956ರಲ್ಲಿ ಉದ್ದನೆಯ ಪ್ಲೇಟಾಗಿ ಹೊರಬಂದ ಮೂಲ ಎಲ್‌ಪಿಯಲ್ಲಿ ಬಹಳಷ್ಟು ಭಾಗವನ್ನು ಎರಡು ದಿನಗಳ ನಂತರ ಸ್ಟುಡಿಯೊದಲ್ಲಿ ಮತ್ತೆ ನುಡಿಸಿ, ಜನರ ಚಪ್ಪಾಳೆಯನ್ನು ಮೇಲೆ ಸೇರಿಸಲಾಗಿತ್ತು. ಗೊನ್ಸಾಲ್ವೆಸ್ ಅವರ ಏಕವಾದನ ನಿಜವಾದದ್ದೇ, ಆದರೆ ಅವರು ಧ್ವನಿಮುದ್ರಣ ಕಂಪನಿಯ ಮೈಕ್ರೊಫೋನಿನ ಬದಲು ವಾಯ್ಸ್ ಆಫ್ ಅಮೆರಿಕ ಬಾನುಲಿಯ ಮೈಕ್ರೊಫೋನಿಗೆ ಮುಖಮಾಡಿ ನುಡಿಸಿದ್ದರಿಂದ ಅದು ದೂರದಿಂದ ಬಂದಂತೆ ಕೇಳಿಸುತ್ತದೆ. ಮುಂದೆ ಆ ಬಾನುಲಿಯ ಟೇಪು ಸಿಕ್ಕಿದಾಗ ಎರಡೂ ಮುದ್ರಣಗಳನ್ನು ಹೊಂದಿಸಿ, ಎಡ ಬಲ ಕಿವಿಗಳಿಗೆ ಹಂಚಿ, ಇಡೀ ಕಛೇರಿಯನ್ನು 1999ರಲ್ಲಿ ಎರಡು ಸಿಡಿಗಳಲ್ಲಿ ಹೊರತಂದರು. ಅದನ್ನೇ ಕೇಳಿ. ಹಳೆಯದರಲ್ಲಿ 27 ಆವರ್ತಗಳ ಕೀರ್ತಿ ಮಾತ್ರ ಇದೆ, ಹೊಸದರಲ್ಲಿ ಅವು ಕೈಗೆಟಕುವಷ್ಟು ಹತ್ತಿರದಲ್ಲಿವೆ.

ಆದರೂ ಇದನ್ನು ಎಲಿಂಗ್ಟನ್ ಅವರ ಪ್ರತಿನಿಧಿ ಕೃತಿ ಎಂದು ನಾನು ಕೊಡುವುದಿಲ್ಲ. ಆ ರಾತ್ರಿಯ ಗೆಲುವು ಒಬ್ಬ ವಾದಕನ ಓಟದ್ದು ಮತ್ತು ಲಯವಿಭಾಗದ ಪಟ್ಟುಹಿಡಿದ ನಡಿಗೆಯದು; ಹದಿನೈದು ಬಣ್ಣಗಳನ್ನು ಬೆರೆಸುವ ರಚನಕಾರ ಅಂದು ಹಿಂದೆ ನಿಂತು ಕೂಗಿ ಹುರಿದುಂಬಿಸುತ್ತಿದ್ದರು. ಜಾಝ್‌ನ ಬಿಸಿಯನ್ನು ಮೊದಲು ಅನುಭವಿಸಬೇಕೆನ್ನುವವರಿಗೆ, ನೇರ ಕಛೇರಿಯ ಗದ್ದಲ ಪ್ರಿಯವಾದವರಿಗೆ ಇದು ಸರಿಯಾದ ಆರಂಭ.

1950: ಉದ್ದನೆಯ ಪ್ಲೇಟು

'ಮಾಸ್ಟರ್‌ಪೀಸಸ್ ಬೈ ಎಲಿಂಗ್ಟನ್' ಹೆಚ್ಚಿನ ಪಟ್ಟಿಗಳಲ್ಲಿ ಕಾಣಿಸುವುದಿಲ್ಲ. ನನಗೆ ಇದು ಅನ್ಯಾಯವೆನಿಸುತ್ತದೆ. 1950ರ ಡಿಸೆಂಬರಿನಲ್ಲಿ, ಹಾಜಸ್ ಮತ್ತು ಸಂಗಡಿಗರು ಬಿಟ್ಟುಹೋಗುವ ಕೆಲವೇ ವಾರಗಳ ಮೊದಲು, ಹೊಸದಾಗಿ ಬಂದಿದ್ದ ಎಲ್‌ಪಿಯ ಉದ್ದವನ್ನು ಬಳಸಿಕೊಳ್ಳಲೆಂದೇ ಮಾಡಿದ ಮುದ್ರಣ ಇದು. ಇರುವುದು ನಾಲ್ಕೇ ರಚನೆಗಳು, ಅವುಗಳಲ್ಲಿ 'ಮೂಡ್ ಇಂಡಿಗೊ' ಒಂದೇ 15 ನಿಮಿಷಗಳನ್ನು ಮೀರುತ್ತದೆ.

ಹೋಲಿಸಿ ಕೇಳುವ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. 1930ರ ಮೂಲ 'ಮೂಡ್ ಇಂಡಿಗೊ' ಮೂರು ನಿಮಿಷದ್ದು. ಟ್ರಂಪೆಟ್, ಟ್ರಾಂಬೋನ್, ಕ್ಲಾರಿನೆಟ್ ಮೂರು ವಾದ್ಯಗಳನ್ನು ಜೋಡಿಸುವಾಗ ಸಾಮಾನ್ಯವಾಗಿ ಕ್ಲಾರಿನೆಟ್ ಮೇಲೆ ಹಾಡುತ್ತದೆ, ಟ್ರಾಂಬೋನ್ ಕೆಳಗಿರುತ್ತದೆ. ಎಲಿಂಗ್ಟನ್ ಅದನ್ನು ಬುಡಮೇಲು ಮಾಡಿ ಮುಚ್ಚಳ ಹಾಕಿದ ಟ್ರಂಪೆಟ್ಟನ್ನು ಮೇಲೂ, ಮುಚ್ಚಳ ಹಾಕಿದ ಟ್ರಾಂಬೋನನ್ನು ಅದರ ಏರುಸ್ಥಾಯಿಯಲ್ಲಿ ನಡುವೆಯೂ, ಕ್ಲಾರಿನೆಟ್ಟನ್ನು ಅದರ ಮಂದ್ರದಲ್ಲಿ ಎಲ್ಲಕ್ಕಿಂತ ಕೆಳಗೂ ಇರಿಸಿದರು. ಮೂರೂ ತಮ್ಮ ಸಹಜ ನೆಲೆಯಿಂದ ಹೊರಗಿರುವುದರಿಂದ, ಯಾವ ವಾದ್ಯದ್ದೂ ಅಲ್ಲದ ನಾಲ್ಕನೆಯ ಒಂದು ದನಿ ಹುಟ್ಟಿದಂತೆ ಕೇಳಿಸುತ್ತದೆ. 1950ರಲ್ಲಿ ಅದೇ ಹಾಡು ವಿಸ್ತಾರವಾಗುತ್ತದೆ: ಒಂದೊಂದು ಸುತ್ತಿನಲ್ಲಿ ಶ್ರುತಿ ಬದಲಾಗುತ್ತದೆ, ಹಿನ್ನೆಲೆ ಬದಲಾಗುತ್ತದೆ, ಗಾಯಕಿ ಇವಾನ್ ಲಾನೋಜ್ ಬಂದುಹೋಗುತ್ತಾರೆ. ಒಂದೇ ಪಲ್ಲವಿಯನ್ನು ಅರ್ಧ ಗಂಟೆ ಬೆಳೆಸುವುದನ್ನು ಕೇಳಿ ರೂಢಿಯಾದ ನಮ್ಮ ಕಛೇರಿಪ್ರಿಯರಿಗೆ ಮೂರು ನಿಮಿಷದ ಪ್ಲೇಟುಗಳು ಆರಂಭವಾಗುವಷ್ಟರಲ್ಲೇ ಮುಗಿದಂತೆ ತೋರಿದರೆ, ಅವರು ನೇರವಾಗಿ ಇಲ್ಲಿಗೆ ಬರಬಹುದು.

1940–42: ಶಿಖರ

1939ರಲ್ಲಿ ಎರಡು ಘಟನೆಗಳು ನಡೆದವು. ಸ್ಟ್ರೇಹಾರ್ನ್ ಬ್ಯಾಂಡಿಗಾಗಿ ಬರೆಯತೊಡಗಿದರು. ಸೇಂಟ್ ಲೂಯಿಸ್ ನಗರದಲ್ಲಿ ಸಿಕ್ಕ ಜಿಮ್ಮಿ ಬ್ಲಾಂಟನ್ ಎಂಬ ಹುಡುಗ ಬಾಸ್ ವಾದಕನಾಗಿ ಸೇರಿದ. ಮರುವರ್ಷ ಟೆನರ್ ಸ್ಯಾಕ್ಸೋಫೋನಿಗೆ ಬೆನ್ ವೆಬ್‌ಸ್ಟರ್ ಬಂದರು. ಅಲ್ಲಿಯವರೆಗೆ ತಾಳ ಹಿಡಿಯುವ ಕೆಲಸಕ್ಕಷ್ಟೇ ಇದ್ದ ಬಾಸ್ ವಾದ್ಯವನ್ನು ಬ್ಲಾಂಟನ್ ಹಾಡುವ ವಾದ್ಯವನ್ನಾಗಿ ಮಾಡಿದ, ಮತ್ತು 1942ರಲ್ಲಿ, 23ನೆಯ ವಯಸ್ಸಿನಲ್ಲಿ, ಕ್ಷಯದಿಂದ ತೀರಿಕೊಂಡ. ಜಾಝ್ ಬಾಸ್‌ನ ಇತಿಹಾಸವೆಲ್ಲ ಅವನ ಆ ಎರಡು ವರ್ಷಗಳಿಂದ ಎರಡು ಭಾಗವಾಗುತ್ತದೆ.

1940ರ ಮಾರ್ಚ್ 6ರಂದು ಶಿಕಾಗೊದಲ್ಲಿ ಧ್ವನಿಮುದ್ರಿಸಿದ 'ಕೊ-ಕೊ' ಇದೇ ಬ್ಲೂಸ್‌ನ 12 ಬಾರ್‌ಗಳ ಮೇಲೆ ನಿಂತಿದೆ, ಆದರೆ ಪ್ರತಿ ಆವರ್ತದಲ್ಲಿಯೂ ಒತ್ತಡ ಒಂದು ಮೆಟ್ಟಿಲು ಏರುತ್ತದೆ: ಹ್ವಾನ್ ಟಿಸೋಲ್ ಅವರ ವಾಲ್ವ್ ಟ್ರಾಂಬೋನ್, ಟ್ರಿಕಿ ಸ್ಯಾಮ್ ನ್ಯಾಂಟನ್ ಅವರ ಮನುಷ್ಯನ ಕೂಗಿನಂತಹ ಟ್ರಾಂಬೋನ್, ಎಲಿಂಗ್ಟನ್ ಅವರ ಅಪಸ್ವರದಂತೆ ಎರಗುವ ಪಿಯಾನೊ, ಇಡೀ ವೃಂದ ಸುಮ್ಮನಾದಾಗ ಒಂಟಿಯಾಗಿ ನಡೆಯುವ ಬ್ಲಾಂಟನ್‌ನ ಬಾಸ್. ಮೂರು ನಿಮಿಷವೂ ತುಂಬುವುದಿಲ್ಲ. ಇನ್ನೊಂದು ಬಾರ್ ಸೇರಿಸಲೂ ಜಾಗವಿಲ್ಲ, ತೆಗೆಯಲೂ ಆಗುವುದಿಲ್ಲ. ಕೆಲವೇ ದಿನಗಳ ನಂತರದ 'ಕನ್ಸರ್ಟೊ ಫಾರ್ ಕೂಟಿ' ಒಬ್ಬನೇ ಟ್ರಂಪೆಟ್ ವಾದಕನ ಬೇರೆ ಬೇರೆ ದನಿಗಳ ಪ್ರದರ್ಶನ, 'ಕಾಟನ್ ಟೇಲ್' ವೆಬ್‌ಸ್ಟರ್ ಅವರದು. 1941ರ ಆರಂಭದಲ್ಲಿ ರಚನಕಾರರ ಸಂಘಕ್ಕೂ ಬಾನುಲಿ ಕೇಂದ್ರಗಳಿಗೂ ನಡುವಿನ ಹಕ್ಕುಸ್ವಾಮ್ಯದ ಜಗಳದಿಂದಾಗಿ ಎಲಿಂಗ್ಟನ್ ಅವರ ಸ್ವಂತ ರಚನೆಗಳು ಅಮೆರಿಕದ ಬಾನುಲಿಯಲ್ಲಿ ಬರುವಂತಿರಲಿಲ್ಲ. ಆ ಸಂಘಕ್ಕೆ ಸೇರದಿದ್ದ ಸ್ಟ್ರೇಹಾರ್ನ್ ಅವರ 'ಟೇಕ್ ದ ಎ ಟ್ರೇನ್' ಬ್ಯಾಂಡಿನ ಗುರುತಿನ ರಾಗವಾದದ್ದು ಹಾಗೆ, ಮತ್ತು ಕೊನೆಯವರೆಗೂ ಅದೇ ಉಳಿಯಿತು.

ಇಲ್ಲಿ ಕೊಳ್ಳುವವರಿಗೆ ಎರಡು ಎಚ್ಚರಿಕೆಗಳು. ಮೊದಲನೆಯದು, ಎಲಿಂಗ್ಟನ್ ಈ ಹಲವು ರಚನೆಗಳನ್ನು ಮುಂದೆ ಮತ್ತೆ ಮುದ್ರಿಸಿದ್ದಾರೆ; 1956ರ ಒಂದು ಆಲ್ಬಮ್ಮಿನಲ್ಲಿಯೂ 'ಕೊ-ಕೊ' ಇದೆ. ಬ್ಲಾಂಟನ್, ವೆಬ್‌ಸ್ಟರ್ ಹೆಸರುಗಳೂ 1940ರ ಇಸವಿಯೂ ಇದ್ದರೆ ಮಾತ್ರ ಅದು ನೀವು ಹುಡುಕುತ್ತಿರುವುದು. ಎರಡನೆಯದು ಶಬ್ದದ ಗುಣಮಟ್ಟಕ್ಕೆ ಸೇರಿದ್ದು. ವಿಕ್ಟರ್ ಕಂಪನಿಯ ಈ ಮುದ್ರಣಗಳನ್ನು 1986ರಲ್ಲಿ ಮೂರು ಸಿಡಿಗಳಲ್ಲಿ ತಂದಾಗ ಗರಗರ ಸದ್ದನ್ನು ತೆಗೆಯುವ ಉತ್ಸಾಹದಲ್ಲಿ ತಾಳವಾದ್ಯಗಳ ಮಿನುಗನ್ನೂ ಮಂಕಾಗಿಸಿದ್ದರು. 2003ರ 'ನೆವರ್ ನೊ ಲಮೆಂಟ್' ಎಂಬ ಮೂರು ಸಿಡಿಗಳ ಕಟ್ಟು ಅದಕ್ಕಿಂತ ಎಷ್ಟೋ ಮೇಲು.

ಸ್ಟುಡಿಯೊದ ಮೂರು ನಿಮಿಷಗಳಾಚೆ ಈ ಬ್ಯಾಂಡ್ ಹೇಗಿತ್ತು ಎಂದು ಕೇಳುವ ಅದೃಷ್ಟವೂ ನಮಗಿದೆ. 1940ರ ನವೆಂಬರ್ 7ರಂದು ಉತ್ತರ ಡಕೋಟಾದ ಫಾರ್ಗೊ ಎಂಬ ಊರಿನ ನೃತ್ಯಮಂದಿರದಲ್ಲಿ, ಅನುಮತಿ ಪಡೆದ ಇಬ್ಬರು ತರುಣರು ತಾವೇ ಹೊತ್ತುತಂದ ಯಂತ್ರದಲ್ಲಿ ಆ ರಾತ್ರಿಯ ಸಂಗೀತವನ್ನು ಪ್ಲೇಟುಗಳಲ್ಲಿ ಕೊರೆದುಕೊಂಡರು. ಕೂಟಿ ವಿಲಿಯಮ್ಸ್ ಬಿಟ್ಟುಹೋಗಿ ಅವರ ಕುರ್ಚಿಗೆ ರೇ ನ್ಯಾನ್ಸ್ ಆಗತಾನೆ ಬಂದಿದ್ದರು. ಸದ್ದು ಒರಟು, ಮಧ್ಯೆ ತುಂಡಾಗುತ್ತದೆ. ಆದರೆ ವೆಬ್‌ಸ್ಟರ್ ಅವರ 'ಸ್ಟಾರ್‌ಡಸ್ಟ್' ಕೇಳುವಾಗ, ಎದುರಿಗೆ ಜೋಡಿಗಳು ಕುಣಿಯುತ್ತಿದ್ದರೆಂಬುದೂ, ಬ್ಯಾಂಡು ಮರುದಿನ ಬೇರೆ ಊರಿಗೆ ಹೊರಡಬೇಕಿತ್ತೆಂಬುದೂ ಮನಸ್ಸಿಗೆ ಬರುತ್ತದೆ. ಸ್ಟುಡಿಯೊ ಮುದ್ರಣಗಳನ್ನು ಚೆನ್ನಾಗಿ ಪರಿಚಯ ಮಾಡಿಕೊಂಡ ಮೇಲೆ ಇದಕ್ಕೆ ಬನ್ನಿ, ಮೊದಲೇ ಬಂದರೆ ಸದ್ದು ಅಡ್ಡವಾದೀತು.

1927–31: ಕಾಟನ್ ಕ್ಲಬ್

1927ರ ಡಿಸೆಂಬರ್ 4ರಂದು ನ್ಯೂಯಾರ್ಕಿನ ಹಾರ್ಲೆಮ್‌ನ ಕಾಟನ್ ಕ್ಲಬ್ಬಿನಲ್ಲಿ ಎಲಿಂಗ್ಟನ್ ಅವರ ಕೆಲಸ ಆರಂಭವಾಯಿತು. ವೇದಿಕೆಯ ಮೇಲಿದ್ದವರು ಕಪ್ಪು ಜನ, ಕುಳಿತು ನೋಡುವ ಹಕ್ಕಿದ್ದವರು ಬಿಳಿಯರು. ಕಾಡಿನ ಸಂಗೀತ ಎಂಬ ಹೆಸರು ಹಚ್ಚಿ ಮಾರಲಾಗುತ್ತಿದ್ದ ಆ ಪ್ರದರ್ಶನಗಳೊಳಗೆ ಅವರು ತಮ್ಮ ಮುಂದಿನ ಎಲ್ಲ ಕೆಲಸದ ಬೀಜವನ್ನು ನೆಟ್ಟರು, ಬಾನುಲಿಯ ಮೂಲಕ ಅದು ದೇಶವೆಲ್ಲ ಹರಡಿತು. ಟ್ರಂಪೆಟ್ ವಾದಕ ಬಬರ್ ಮೈಲಿ, ಕಟ್ಟಿಕೊಂಡ ಬಚ್ಚಲ ಕೊಳವೆ ಬಿಡಿಸುವ ರಬ್ಬರ್ ಬಟ್ಟಲನ್ನು ವಾದ್ಯದ ಬಾಯಿಗೆ ಹಿಡಿದು, ಗಂಟಲಲ್ಲಿ ಗುರುಗುಟ್ಟುತ್ತಾ, ಅಳುವ ಮತ್ತು ಮಾತಾಡುವ ದನಿಯನ್ನು ತೆಗೆಯುತ್ತಿದ್ದರು. 1927ರ 'ಬ್ಲ್ಯಾಕ್ ಅಂಡ್ ಟ್ಯಾನ್ ಫ್ಯಾಂಟಸಿ'ಯಲ್ಲಿ ಆ ದನಿಯನ್ನು, ಅದೇ ವರ್ಷದ 'ಕ್ರಿಯೋಲ್ ಲವ್ ಕಾಲ್'ನಲ್ಲಿ ಮಾತಿಲ್ಲದೆ ಹಾಡುವ ಅಡಿಲೇಡ್ ಹಾಲ್ ಅವರ ಕಂಠವನ್ನು ಕೇಳಿ. ಮೊದಲನೆಯದರಲ್ಲಿ ವಾದ್ಯ ಕಂಠವಾಗಿದೆ, ಎರಡನೆಯದರಲ್ಲಿ ಕಂಠ ವಾದ್ಯವಾಗಿದೆ. ಹಳೆಯ ಪ್ಲೇಟುಗಳ ಸದ್ದಿಗೆ ಒಗ್ಗಿದವರಿಗೆ, ಅಥವಾ ಮೂಲವನ್ನು ಹುಡುಕುವ ಸ್ವಭಾವದವರಿಗೆ ಮಾತ್ರ ನಾನು ಇದನ್ನು ಮೊದಲ ಆಯ್ಕೆಯಾಗಿ ಹೇಳುವೆ. ಉಳಿದವರು ಕೊನೆಗೆ ಬಂದರೆ ಹೆಚ್ಚು ಕಾಣುತ್ತಾರೆ.

ಎಲಿಂಗ್ಟನ್ ಅವರನ್ನು ಪಿಯಾನೊ ವಾದಕರಾಗಿಯೇ ಹತ್ತಿರದಿಂದ ಕೇಳಬೇಕೆನ್ನುವವರಿಗೆ 1962ರಲ್ಲಿ ಚಾರ್ಲ್ಸ್ ಮಿಂಗಸ್, ಮ್ಯಾಕ್ಸ್ ರೋಚ್ ಜೊತೆಗಿನ 'ಮನಿ ಜಂಗಲ್' ಇದೆ, ಅದೇ ತಿಂಗಳಲ್ಲಿ ಜಾನ್ ಕೋಲ್ಟ್ರೇನ್ ಜೊತೆಗಿನ ಮುದ್ರಣವೂ ಇದೆ. ಎರಡೂ ಒಳ್ಳೆಯವು, ಆದರೆ ಅವು ವಾದ್ಯವೃಂದಕ್ಕೆ ಬದಲಿಯಲ್ಲ.

ಇಷ್ಟನ್ನೂ ಕ್ರಮವಾಗಿ ಕೇಳುವ ವ್ಯವಧಾನವಿಲ್ಲದವರಿಗೆ ಇನ್ನೊಂದು ದಾರಿ ಸೂಚಿಸುತ್ತೇನೆ. ಹ್ಯಾರಿ ಕಾರ್ನಿಯವರು 17ನೆಯ ವಯಸ್ಸಿನಲ್ಲಿ, 1927ರಲ್ಲಿ, ಈ ಬ್ಯಾಂಡಿಗೆ ಸೇರಿದರು. ಹಾಜಸ್ ಬಿಟ್ಟುಹೋಗಿ ಮರಳಿದರು, ಕೂಟಿ ವಿಲಿಯಮ್ಸ್ ಬಿಟ್ಟುಹೋಗಿ 22 ವರ್ಷಗಳ ನಂತರ ಮರಳಿದರು. ಕಾರ್ನಿ ಒಮ್ಮೆಯೂ ಬಿಡಲಿಲ್ಲ. 'ಆಗ್ರಾ'ದಲ್ಲಿ ಅವರ ಬ್ಯಾರಿಟೋನಿನ ದನಿಯನ್ನು ಚೆನ್ನಾಗಿ ಕಿವಿಗೆ ತುಂಬಿಕೊಂಡು, ಆಮೇಲೆ 'ಕೊ-ಕೊ' ಹಾಕಿ, ಸ್ಯಾಕ್ಸೋಫೋನ್‌ಗಳ ಸಾಲಿನ ತಳದಲ್ಲಿ, ಇಡೀ ವೃಂದದ ಭಾರವನ್ನು ಹೊತ್ತಿರುವ ಅದೇ ದನಿಯನ್ನು ಹುಡುಕಿ. ಎಲಿಂಗ್ಟನ್ 1974ರ ಮೇ 24ರಂದು ತೀರಿಕೊಂಡರು. ಕಾರ್ನಿ ಅದೇ ವರ್ಷದ ಅಕ್ಟೋಬರಿನಲ್ಲಿ.